ಪಿಕಪ್‌ನ ಬಾಲ ಇಳಿಸಿ, ದ್ರಾಕ್ಷಿ ಉಳಿಸಿ

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರ ಪಿಕಪ್‌ಗಳನ್ನು ಖಾಲಿ ನಿಂತಾಗ ಒಮ್ಮೆ ಪಕ್ಕದಿಂದ ನೋಡಿ. ಬಹಳಷ್ಟು ಗಾಡಿ ಮುಂದೆ ತಗ್ಗು, ಹಿಂದೆ ಎತ್ತರ. ಬಾಲ ಎತ್ತಿದ ಹೋರಿಯ ಹಾಗೆ ಕಾಣುತ್ತವೆ. ಖಾಲಿ ಗಾಡಿಯ ಹಿಂಭಾಗ ಸ್ವಲ್ಪ ಎತ್ತರ ಇರುವುದು ಸರಿಯೇ. ಹೊರೆ ಬಿದ್ದಾಗ ಕೂತು ಮಟ್ಟವಾಗಲಿ ಎಂದು ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಆದರೆ ಇಪ್ಪತ್ತು ಕೆಜಿಯ ನಲವತ್ತು ಕ್ರೇಟ್ ಏರಿಸಿದ ಮೇಲೂ ಹಿಂಭಾಗ ಕೂರದಿದ್ದರೆ ಅದು ಕಂಪನಿಯ ಕೆಲಸವಲ್ಲ. ಯಾರೋ ಹೆಚ್ಚಿಗೆ ಪಾಟಾ ಹಾಕಿಸಿದ್ದಾರೆ ಎಂದೇ ಅರ್ಥ.

ನನ್ನದು ಮೂರು ಎಕರೆ ಥಾಮ್ಸನ್ ಸೀಡ್‌ಲೆಸ್ ತೋಟ. ಒಂದಿಷ್ಟು ಹಣ್ಣು ಹಸಿಯಾಗಿ ವಿಜಯಪುರ ಮಾರುಕಟ್ಟೆಗೆ ಹೋಗುತ್ತದೆ, ಉಳಿದದ್ದು ಒಣದ್ರಾಕ್ಷಿ ಶೆಡ್ಡಿಗೆ. 2021ರಲ್ಲಿ ಒಂದು ಹಳೇ ಪಿಕಪ್ ತಗೊಂಡೆ. ಮೊದಲಿನ ಮಾಲೀಕರು ಅದರಲ್ಲಿ ಕಟ್ಟಡದ ಕಲ್ಲು ಹೇರುತ್ತಿದ್ದರು. ಅದಕ್ಕಾಗಿ ಹಿಂದಿನ ಎರಡೂ ಕಮಾನಿಗೆ ಎರಡೆರಡು ಪಾಟಾ ಸೇರಿಸಿದ್ದರು. ಕಲ್ಲಿಗೆ ಸರಿಹೋದ ಆ ಗಾಡಿ ಹಣ್ಣಿಗೆ ಸರಿಹೋಗಲಿಲ್ಲ. ಎರಡು ಹಂಗಾಮು ನೋಡಿ, ಮೂರನೆಯ ಹಂಗಾಮಿಗೆ ಮುಂಚೆ ಆ ಹೆಚ್ಚಿನ ಪಾಟಾ ತೆಗೆಸಿ ಹಿಂಭಾಗ ಇಳಿಸಿದೆ. ಆಗ ತಿಳಿದದ್ದನ್ನು, ಮಿಸ್ತ್ರಿಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇದು ಚಂದಕ್ಕೆ ಗಾಡಿ ತಗ್ಗಿಸುವ ವಿಷಯ ಅಲ್ಲ. ಮಣಿ ಉದುರುವ ವಿಷಯ, ಬ್ರೇಕ್ ಹಿಡಿಯುವ ವಿಷಯ.

ಕಮಾನು ಅಂದರೆ ಏನು

ವಿಜಯಪುರದ ಟಾಂಗಾ ಹತ್ತಿದವರಿಗೆ ಕಮಾನು ಹೊಸದಲ್ಲ. ನಮ್ಮ ಚಕ್ಕಡಿಗೆ ಅಚ್ಚು ನೇರವಾಗಿ ಮೈಗೆ ಕೂತಿರುತ್ತದೆ, ಕಲ್ಲು ಹತ್ತಿದರೆ ಸೊಂಟಕ್ಕೇ ಬಡಿತ. ಟಾಂಗಾದಲ್ಲಿ ಅಚ್ಚಿಗೂ ಪೆಟ್ಟಿಗೆಗೂ ನಡುವೆ ಬಾಗಿದ ಉಕ್ಕಿನ ಪಟ್ಟಿಗಳಿವೆ. ಇಂಗ್ಲೆಂಡಿನ ಒಬಾಡಯ್ಯ ಎಲಿಯಟ್ ಎಂಬಾತ 1804ರಲ್ಲಿ ಇಂಥ ಕಮಾನನ್ನು ಕುದುರೆ ಗಾಡಿಗೆ ಹಾಕಿ ಪೇಟೆಂಟ್ ಪಡೆದಿದ್ದ. ಇನ್ನೂರು ವರ್ಷ ದಾಟಿತು, ಬೊಲೆರೊ ಪಿಕಪ್, ಟಾಟಾ ಏಸ್, ದೋಸ್ತ್ ಎಲ್ಲದರ ಹಿಂದೆಯೂ ಇಂದಿಗೂ ಇರುವುದು ಅದೇ ಜಾತಿಯ ಕಮಾನು.

ಇದರಲ್ಲಿ ಎಲ್ಲಕ್ಕಿಂತ ಉದ್ದದ ಪಾಟಾ ಮುಖ್ಯದ್ದು. ಅದರ ಎರಡೂ ತುದಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಚಾಸಿಗೆ ಬಿಗಿದಿರುತ್ತದೆ. ಹಿಂದಿನ ಕಣ್ಣು ಶ್ಯಾಕಲ್ ಎಂಬ ತೂಗುವ ಕೊಂಡಿಗೆ ಸೇರಿರುತ್ತದೆ. ಹೊರೆ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡಲು ಈ ಕೊಂಡಿ. ಮುಖ್ಯ ಪಾಟಾದ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ ಪಾಟಾಗಳು. ಎಲ್ಲವನ್ನೂ ನಡುವೆ ತೂತು ಹೊಡೆದು ಸೆಂಟರ್ ಬೋಲ್ಟಿನಿಂದ ಪೋಣಿಸಿ, ಯು-ಬೋಲ್ಟುಗಳಿಂದ ಅಚ್ಚಿಗೆ ಬಿಗಿಯುತ್ತಾರೆ. ಕೆಲವು ಗಾಡಿಯಲ್ಲಿ ತೀರಾ ಕೆಳಗೆ ಒಂದೆರಡು ದಪ್ಪ, ನೆಟ್ಟಗಿನ ಪಾಟಾ ಇರುತ್ತವೆ. ಅವಕ್ಕೆ ಹೆಲ್ಪರ್ ಪಾಟಾ ಎನ್ನುತ್ತಾರೆ. ಹೊರೆ ಹೆಚ್ಚಾಗಿ ಕಮಾನು ಕೂತ ಮೇಲಷ್ಟೇ ಅವು ತಾಗಿ ಹೆಗಲು ಕೊಡುತ್ತವೆ. ಖಾಲಿ ಇದ್ದಾಗ ಮೆತ್ತಗೆ, ತುಂಬಿದಾಗ ಗಟ್ಟಿ.

ಒಂದು ಪಾಟಾ ಸೇರಿಸಿದರೆ ಏನಾಗುತ್ತದೆ

"ಒಂದೇ ಒಂದು ಪಾಟಾ ಅಲ್ರೀ, ಅದರಿಂದ ಏನ್ ಆಗ್ತದ?" ಅಂತ ನಮ್ಮಲ್ಲಿ ಕೇಳುತ್ತಾರೆ. ಲೆಕ್ಕ ನೋಡಿ.

ಒಂದೇ ಅಗಲ, ಒಂದೇ ದಪ್ಪದ ಪಾಟಾಗಳಾದರೆ ಕಮಾನಿನ ಬಿಗಿ ಪಾಟಾಗಳ ಸಂಖ್ಯೆಯಷ್ಟು ಏರುತ್ತದೆ. ಐದು ಇದ್ದದ್ದು ಏಳಾದರೆ ಬಿಗಿ ಸುಮಾರು ಒಂದೂವರೆ ಪಟ್ಟಿನ ಹತ್ತಿರ, ಲೆಕ್ಕದಲ್ಲಿ 1.4 ಪಟ್ಟು. ಮೊದಲು ಏಳು ಸೆಂ.ಮೀ. ಕೂರುತ್ತಿದ್ದ ಹೊರೆಗೆ ಈಗ ಐದೇ ಸೆಂ.ಮೀ. ಕೂರುತ್ತದೆ.

ದಪ್ಪದ ಲೆಕ್ಕ ಇನ್ನೂ ಜೋರು. ಪಾಟಾದ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿ.ಮೀ. ಪಾಟಾ ಬದಲು 10 ಮಿ.ಮೀ. ಪಾಟಾ ಹಾಕಿದರೆ ದಪ್ಪ ಕಾಲುಭಾಗ ಮಾತ್ರ ಹೆಚ್ಚು, ಆದರೆ ಆ ಪಾಟಾದ ಬಿಗಿ ಹೆಚ್ಚುಕಡಿಮೆ ಎರಡು ಪಟ್ಟು. ಗುಜರಿಯಲ್ಲಿ ಸಿಕ್ಕ ಲಾರಿಯ ಪಾಟಾ ಕತ್ತರಿಸಿ ಪಿಕಪ್‌ಗೆ ಸೇರಿಸಿದರೆ ಯಾಕೆ ಗಾಡಿ ಚಕ್ಕಡಿಯಂತೆ ಎಗರುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನೊಂದು ಮಾತು. ಪಾಟಾ ಸೇರಿಸಿದರೆ ಕಮಾನು ಮಾತ್ರ ಗಟ್ಟಿಯಾಯಿತು. ಅಚ್ಚು, ಬೇರಿಂಗ್, ಚಾಸಿ, ಟೈರು, ಬ್ರೇಕ್ ಎಲ್ಲಾ ಮೊದಲಿನವೇ. ಹಿಂಭಾಗ ಕೂರಲಿಲ್ಲ ಎಂದ ಮಾತ್ರಕ್ಕೆ ಗಾಡಿಯ ತಾಕತ್ತು ಹೆಚ್ಚಲಿಲ್ಲ. ಹೆಚ್ಚು ಹೇರಿದ್ದು ಕಣ್ಣಿಗೆ ಕಾಣದಂತಾಯಿತು, ಅಷ್ಟೇ.

ಮಣಿ ಯಾಕೆ ಉದುರುತ್ತದೆ

ಕಮಾನಿನ ಮೇಲೆ ಕೂತ ಹೊರೆ ತನ್ನದೇ ಲಯದಲ್ಲಿ ಕುಣಿಯುತ್ತದೆ. ಹೊರೆಗೆ ಕಮಾನು ಹತ್ತು ಸೆಂ.ಮೀ. ಕೂತಿದ್ದರೆ ಸೆಕೆಂಡಿಗೆ ಒಂದೂವರೆ ಸಲದ ಆಸುಪಾಸು, ಮೆತ್ತಗೆ ತೂಗಿದ ಹಾಗೆ. ಎರಡೂವರೆ ಸೆಂ.ಮೀ. ಮಾತ್ರ ಕೂತಿದ್ದರೆ ಸೆಕೆಂಡಿಗೆ ಮೂರು ಸಲಕ್ಕೂ ಹೆಚ್ಚು, ಜಾಡಿಸಿದ ಹಾಗೆ. ತೊಟ್ಟಿಲು ತೂಗುವುದಕ್ಕೂ ಮೊರದಲ್ಲಿ ಕಾಳು ಕೇರುವುದಕ್ಕೂ ಇರುವ ಅಂತರ ಇದು.

ಜಾಡಿಸುವ ಬಲ ಭೂಮಿಯ ಸೆಳೆತಕ್ಕಿಂತ ಹೆಚ್ಚಾದ ಕ್ಷಣಕ್ಕೆ ಕ್ರೇಟಿನೊಳಗಿನ ಗೊನೆ ತಳ ಬಿಟ್ಟು ಮೇಲೇಳುತ್ತದೆ, ಮತ್ತೆ ಬೀಳುತ್ತದೆ. ಒಂದು ಗುಂಡಿಗೆ ಒಂದು ಸಲ ಅಲ್ಲ, ಹಲವು ಸಲ. ಎಲ್ಲಕ್ಕಿಂತ ಹೆಚ್ಚು ಏಟು ಬೀಳುವುದು ಹಿಂದಿನ ಬಾಗಿಲ ಕಡೆ ಇರುವ, ಅದರಲ್ಲೂ ಮೇಲಿನ ಸಾಲಿನ ಕ್ರೇಟುಗಳಿಗೆ. ಹಿಂದಿನ ಅಚ್ಚು ದಾಟಿ ಹೊರಚಾಚಿದ ಭಾಗ ಏತದ ತುದಿಯಂತೆ ಹೆಚ್ಚು ಏರಿಳಿಯುತ್ತದೆ. ಮಾರುಕಟ್ಟೆಯಲ್ಲಿ ಇಳಿಸುವಾಗ ನೀವೇ ನೋಡಿ, ಮುಂದಿನ ಕೆಳಗಿನ ಕ್ರೇಟಿಗೂ ಹಿಂದಿನ ಮೇಲಿನ ಕ್ರೇಟಿಗೂ ಫರಕು ಕಾಣುತ್ತದೆ.

ನಮ್ಮ ಹಣ್ಣಿನ ಗುಣವೂ ಸೇರಿದೆ. ಮಣಿ ದಪ್ಪವಾಗಲೆಂದು ಜಿಎ ಕೊಟ್ಟ ಗೊನೆಗಳಲ್ಲಿ ತೊಟ್ಟು ದಪ್ಪವಾಗಿ ಗಡುಸಾಗುತ್ತದೆ. ಬಾಗುವ ತೊಟ್ಟು ಏಟು ತಡೆದುಕೊಳ್ಳುತ್ತದೆ, ಗಡುಸು ತೊಟ್ಟು ಮಣಿಯನ್ನು ಬಿಟ್ಟುಕೊಡುತ್ತದೆ. ಬಿಸಿಲಿನಲ್ಲಿ ತೊಟ್ಟು ಒಣಗಿದ್ದರೆ ಇನ್ನೂ ಬೇಗ.

ಹಸಿ ಮಾರಾಟದಲ್ಲಿ ಉದುರಿದ ಮಣಿಗೆ ಗೊನೆಯ ದರ ಸಿಗುವುದಿಲ್ಲ. ಒಣದ್ರಾಕ್ಷಿ ಮಾಡುವವರಿಗೆ ಉದುರಿದರೇನು ಎಂದು ತೋರಬಹುದು, ಒಣಗಿಸುವುದೇ ಅಲ್ಲವೇ? ಹಾಗಲ್ಲ. ಒಡೆದ ಮಣಿಯ ರಸ ಪಕ್ಕದ ಮಣಿಗೆ ಅಂಟುತ್ತದೆ, ಹುಳಿಯುತ್ತದೆ, ನೊಣ ಕರೆಯುತ್ತದೆ, ಒಣಗಿದಾಗ ಕಪ್ಪಾಗಿ ಗಂಟಾಗುತ್ತದೆ. ಹಸಿರು ಬಣ್ಣದ ಮಾಲಿಗೆ ಒಳ್ಳೆಯ ದರ ಬರುವಾಗ ಆ ಕಪ್ಪು ಮಣಿ ಇಡೀ ಲಾಟಿನ ದರ ಇಳಿಸುತ್ತದೆ. ಸುಮಾರು ನಾಲ್ಕು ಕೆಜಿ ಹಸಿ ಹಣ್ಣಿಗೆ ಒಂದು ಕೆಜಿ ಒಣದ್ರಾಕ್ಷಿ. ತೋಟದಿಂದ ಶೆಡ್ಡಿಗೆ ಹೋಗುವ ನಾಲ್ಕು ಕಿ.ಮೀ. ಎರೆಮಣ್ಣಿನ ದಾರಿಯಲ್ಲೇ ಈ ಹಾನಿ ಆಗಿಹೋಗುತ್ತದೆ.

ಅಮೆರಿಕದಲ್ಲಿ ದೂರದ ಊರಿಗೆ ಮೆತ್ತನೆ ಹಣ್ಣು ಸಾಗಿಸುವ ಲಾರಿಗಳಿಗೆ ಪಾಟಾ ಬದಲು ಗಾಳಿ ಚೀಲದ ಕಮಾನು ಹಾಕುವುದು ಇದಕ್ಕೇ. ಅದು ಹೊರೆ ಎಷ್ಟೇ ಇರಲಿ ನಿಧಾನವಾಗಿ ತೂಗುತ್ತದೆ. ನಮ್ಮ ಪಿಕಪ್‌ಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಕಂಪನಿ ಕೊಟ್ಟ ಕಮಾನನ್ನು ಕಂಪನಿ ಕೊಟ್ಟ ಹಾಗೆ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ನಾನು ಮಾಡಿಸಿದ ಕ್ರಮ

ವಿಜಯಪುರದಲ್ಲಿ ಕಮಾನು ಕೆಲಸವನ್ನೇ ಮಾಡುವ ಹಿರಿಯ ಮಿಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಮೊದಲು ಕೇಳಿದ ಪ್ರಶ್ನೆ: "ಏನ್ ಹೇರ್ತೀರಿ ಕಾಕಾ? ಕಲ್ಲೋ, ಕಬ್ಬೋ, ಹಣ್ಣೋ?" ದ್ರಾಕ್ಷಿ ಅಂದೆ. "ಹಂಗಾದ್ರ ಇದನ್ನ ತೆಗೀರಿ. ಆದ್ರ ಕಲ್ಲು ಹೇರಾಕ ಮತ್ತ ಬರಬ್ಯಾಡ್ರಿ" ಅಂದರು. ಕೆಲಸ ನಡೆದದ್ದು ಹೀಗೆ.

1. ಮೊದಲು ಅಳತೆ. ಮಟ್ಟದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಟೈರಿನ ಗಾಳಿ ಸರಿ ಮಾಡಿ, ನಾಲ್ಕೂ ಚಕ್ರದ ನಡುಬಿಂದುವಿನಿಂದ ಮೇಲಿನ ಅಂಚಿನವರೆಗೆ ಅಳೆದು ಬರೆದುಕೊಂಡೆವು. ಎಡಬಲ ಬೇರೆ ಬೇರೆ ಇದ್ದರೆ ಒಂದು ಕಮಾನು ಸೋತಿದೆ ಎಂದರ್ಥ.

2. ಪಾಟಾ ಎಣಿಕೆ. ಗಾಡಿಯ ಕೈಪಿಡಿ ಅಥವಾ ಬಿಡಿಭಾಗದ ಅಂಗಡಿಯಲ್ಲಿ ಕೇಳಿ ಕಂಪನಿ ಎಷ್ಟು ಪಾಟಾ, ಎಷ್ಟು ದಪ್ಪದ್ದು ಕೊಟ್ಟಿದೆ ಎಂದು ತಿಳಿದುಕೊಂಡೆವು. ಸೇರಿಸಿದ ಪಾಟಾ ಗುರುತಿಸುವುದು ಕಷ್ಟವಲ್ಲ. ದಪ್ಪ ಬೇರೆ, ತುದಿ ಗ್ಯಾಸ್‌ನಲ್ಲಿ ಕತ್ತರಿಸಿದ ಗುರುತು, ಬಾಗು ಬೇರೆ.

3. ಗಾಡಿ ಎತ್ತುವುದು. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟು, ಹಿಂಭಾಗವನ್ನು ಜಾಕ್‌ನಿಂದ ಎತ್ತಿ, ಚಾಸಿಯ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಇಟ್ಟರು. ಅಚ್ಚಿಗೆ ಬೇರೆ ಜಾಕ್. ಬರೀ ಜಾಕ್ ಮೇಲೆ, ಇಟ್ಟಿಗೆ ಕಲ್ಲಿನ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಯಾರೂ ನುಸುಳಬಾರದು. ತೋಟದಲ್ಲೇ ಮಾಡಿಬಿಡೋಣ ಎನ್ನುವವರಿಗೆ ಈ ಮಾತು.

4. ಪಾಟಾ ಬಿಚ್ಚುವುದು. ಯು-ಬೋಲ್ಟ್ ಸಡಿಲಿಸಿದ ಮೇಲೆ ಸೆಂಟರ್ ಬೋಲ್ಟ್ ತೆಗೆಯುವ ಮುಂಚೆ ಇಡೀ ಕಟ್ಟನ್ನು ಸಿ-ಕ್ಲ್ಯಾಂಪ್‌ನಿಂದ ಹಿಡಿದಿಡಬೇಕು. ಬಾಗಿದ ಉಕ್ಕು ಬಿಲ್ಲಿನ ಹಾಗೆ ಬಲ ತುಂಬಿಕೊಂಡಿರುತ್ತದೆ, ಬೋಲ್ಟ್ ಬಿಟ್ಟ ತಕ್ಷಣ ಸಿಡಿದು ಕೈ ಮುರಿಯಬಹುದು.

5. ಶುಚಿ ಮತ್ತು ಗ್ರೀಸ್. ಪಾಟಾಗಳ ನಡುವಿನ ತುಕ್ಕು ತಂತಿ ಬ್ರಷ್‌ನಿಂದ ಉಜ್ಜಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕು ನೋಡಿದರು. ನಡುತೂತಿನ ಸುತ್ತ, ಕಣ್ಣಿನ ಹತ್ತಿರ ಬಿರುಕು ಮೊದಲು ಬರುತ್ತದೆ. ಆಮೇಲೆ ಗ್ರಾಫೈಟ್ ಗ್ರೀಸ್. ಪಾಟಾ ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದರೆ ಹೊಸ ಗಾಡಿಯೂ ಜಾಡಿಸುತ್ತದೆ. ಪಾಟಾಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ಇರುವ ಗಾಡಿಗೆ ಮಾತ್ರ ಕೈಪಿಡಿ ಹೇಳಿದಂತೆ ನಡೆಯಿರಿ.

6. ಹೊಸ ಬೋಲ್ಟು. ಇದು ಬಹಳ ಜನ ಬಿಡುವ ಕೆಲಸ. ಏಳು ಪಾಟಾಕ್ಕೆ ಹಾಕಿದ ಉದ್ದ ಯು-ಬೋಲ್ಟು ಐದು ಪಾಟಾಕ್ಕೆ ಆಗುವುದಿಲ್ಲ. ನಟ್ಟು ಚೂಡಿಯ ಕೊನೆಗೆ ಹೋಗಿ ನಿಲ್ಲುತ್ತದೆ, ಬಿಗಿಯಾದ ಹಾಗೆ ತೋರುತ್ತದೆ, ಪಾಟಾ ಮಾತ್ರ ಸಡಿಲ. ಸಡಿಲ ಪಾಟಾ ಅಲುಗಿ ಸೆಂಟರ್ ಬೋಲ್ಟ್ ತುಂಡಾದರೆ ಅಚ್ಚು ಓರೆಯಾಗುತ್ತದೆ. ಅದಕ್ಕೆ ಸರಿ ಅಳತೆಯ ಹೊಸ ಯು-ಬೋಲ್ಟು, ಹೊಸ ಸೆಂಟರ್ ಬೋಲ್ಟು ಹಾಕಿಸಿದೆ. ನಾಲ್ಕು ನಟ್ಟನ್ನು ಓರೆಕೋರೆಯಾಗಿ ಸರದಿಯಲ್ಲಿ, ಟಾರ್ಕ್ ಪಾನಾದಿಂದ ಕೈಪಿಡಿಯ ಲೆಕ್ಕಕ್ಕೆ ಬಿಗಿಯಬೇಕು.

7. ಕಣ್ಣಿನ ಬೋಲ್ಟು. ರಬ್ಬರ್ ಬುಶ್ ಇರುವ ಗಾಡಿಯಲ್ಲಿ ಮುಂದಿನ ಕಣ್ಣು ಮತ್ತು ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ತನ್ನ ಚಕ್ರದ ಮೇಲೆ ಕೂತ ಮೇಲೆ. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

8. ಮತ್ತೆ ಬಿಗಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್ ಇನ್ನೊಮ್ಮೆ ಬಿಗಿಸಿದೆ. ಪಾಟಾ ಕೂತು ಸಡಿಲಾಗುವುದು ಸಹಜ.

ಎಲ್ಲ ಮುಗಿದಾಗ ಖಾಲಿ ಗಾಡಿಯ ಹಿಂಭಾಗ ಎರಡು ಇಂಚಿಗೂ ಸ್ವಲ್ಪ ಹೆಚ್ಚು ಇಳಿದಿತ್ತು.

ಇಳಿಸುವ ಅಡ್ಡದಾರಿಗಳು

ಗಾಡಿ ತಗ್ಗಿಸಲು ಬೇರೆ ಉಪಾಯಗಳೂ ಇವೆ. ನಿಮ್ಮ ಕಿವಿಗೂ ಬೀಳುತ್ತವೆ. ಅವು ಏನು, ಯಾಕೆ ಬೇಡ ಎಂಬುದು ಗೊತ್ತಿರಲಿ.

ಗ್ಯಾಸ್‌ನಲ್ಲಿ ಕಾಯಿಸಿ ಬಾಗು ಇಳಿಸುವುದು: ಇದು ಎಲ್ಲಕ್ಕಿಂತ ಕೆಟ್ಟದ್ದು. ಪಾಟಾದ ಉಕ್ಕನ್ನು ಕಾಯಿಸಿ, ಅದ್ದಿ, ಮತ್ತೆ ಹದವಾಗಿ ಕಾಯಿಸಿ ಪುಟ ಕೊಟ್ಟಿರುತ್ತಾರೆ. ಕುಡುಗೋಲಿಗೆ ಕಮ್ಮಾರ ಹದ ಕೊಡುವ ಹಾಗೆ. ಮಧ್ಯದಲ್ಲಿ ಗ್ಯಾಸ್ ಹಿಡಿದರೆ ಆ ಜಾಗದ ಹದ ಹೋಗುತ್ತದೆ. ಒಂದೋ ಕೂತೇ ಹೋಗುತ್ತದೆ, ಇಲ್ಲವೇ ತುಂಬಿದ ಗಾಡಿಯಲ್ಲಿ ತುಂಡಾಗುತ್ತದೆ. ಬಾಗು ತಿದ್ದುವುದಿದ್ದರೆ ಕಮಾನು ಅಂಗಡಿಯಲ್ಲಿ ತಣ್ಣಗಿದ್ದಾಗಲೇ ಒತ್ತಿ ತಿದ್ದಬೇಕು. ಪಾಟಾಕ್ಕೆ ವೆಲ್ಡಿಂಗ್ ಸಹ ಹಾಗೇ, ಮಾಡಿಸಲೇಬಾರದು.

ಶ್ಯಾಕಲ್ ಬದಲಿಸುವುದು: ಕೊಂಡಿಯ ಉದ್ದ ಬದಲಿಸಿದರೆ ಗಾಡಿ ಏರುತ್ತದೋ ಇಳಿಯುತ್ತದೋ ಅನ್ನುವುದು ಕೊಂಡಿ ಯಾವ ಕಡೆಗೆ ಜೋಡಿಸಿದೆ ಎಂಬುದರ ಮೇಲೆ. ಒಂದು ತುದಿ ಎರಡು ಇಂಚು ಬದಲಾದರೆ ಅಚ್ಚಿನ ಹತ್ತಿರ ಒಂದು ಇಂಚು ಮಾತ್ರ. ಕಮಾನಿನ ಬಿಗಿ ಕಡಿಮೆ ಆಗುವುದಿಲ್ಲ, ಅಂದರೆ ಹಣ್ಣಿಗೆ ಲಾಭವಿಲ್ಲ.

ಕಟ್ಟೆ ಇಡುವುದು, ಅಚ್ಚು ಮೇಲೆ ಹಾಕುವುದು: ಅಚ್ಚು ಕಮಾನಿನ ಮೇಲಿರುವ ಗಾಡಿಯಲ್ಲಿ ನಡುವೆ ಉಕ್ಕಿನ ಕಟ್ಟೆ ಇಟ್ಟರೆ ಗಾಡಿ ತಗ್ಗುತ್ತದೆ. ಅಚ್ಚು ಕಮಾನಿನ ಕೆಳಗಿದ್ದರೆ ಅದೇ ಕಟ್ಟೆ ಗಾಡಿಯನ್ನು ಎತ್ತುತ್ತದೆ, ಅಂಥ ಗಾಡಿಯಲ್ಲಿ ಅಚ್ಚನ್ನೇ ಕಮಾನಿನ ಮೇಲಕ್ಕೆ ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದು ದೊಡ್ಡ ಶೋಕಿ. ಅಲ್ಲಿ ಗಾಡಿಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸತೊಡಗಿದಾಗ, ಚಕ್ರದ ರಿಮ್ಮಿನ ತಳಕ್ಕಿಂತ ಮೈ ಕೆಳಗೆ ಬರಬಾರದೆಂದು 1950ರ ದಶಕದ ಕೊನೆಯಲ್ಲಿ ಕಾಯ್ದೆಯೇ ಬಂತು. ನಾವು ಹೇರುವವರು. ನಮ್ಮ ಗಾಡಿ ಕೂರಲು ಜಾಗ ಬೇಕು. ಆ ಜಾಗ ಶೋಕಿಗೆ ಖರ್ಚಾದರೆ ಹೊರೆ ಬಿದ್ದಾಗ ಅಚ್ಚು ಚಾಸಿಯ ಕೆಳಗಿನ ರಬ್ಬರ್ ತಡೆಗೆ ಬಡಿಯುತ್ತದೆ. ಆಗ ಕಮಾನೇ ಇಲ್ಲದ ಚಕ್ಕಡಿಗೂ ಅದಕ್ಕೂ ವ್ಯತ್ಯಾಸವಿಲ್ಲ.

ಬ್ರೇಕಿನ ವಿಷಯ ಮರೆಯಬೇಡಿ

ಹಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿನ ಹತ್ತಿರ ಚಾಸಿಗೆ ಒಂದು ಸಣ್ಣ ವಾಲ್ವ್ ಇರುತ್ತದೆ, ಅದರಿಂದ ಒಂದು ಸರಳು ಅಚ್ಚಿಗೆ ಸೇರಿರುತ್ತದೆ. ಮಿಸ್ತ್ರಿಗಳು ಎಲ್‌ಎಸ್‌ಪಿವಿ ಎನ್ನುತ್ತಾರೆ. ಅದು ಗಾಡಿಯ ಹೊರೆ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಬಲ ಕೊಡಬೇಕೆಂದು ತೀರ್ಮಾನಿಸುತ್ತದೆ. ಆದರೆ ಅದು ಹೊರೆಯನ್ನು ತೂಗುವುದಿಲ್ಲ, ಎತ್ತರವನ್ನು ನೋಡುತ್ತದೆ. ಚಾಸಿ ಅಚ್ಚಿಗೆ ಹತ್ತಿರ ಬಂದರೆ "ತುಂಬಿದೆ" ಎಂದು ಹೆಚ್ಚು ಬಲ, ದೂರ ಇದ್ದರೆ "ಖಾಲಿ" ಎಂದು ಕಡಿಮೆ ಬಲ.

ಈಗ ಯೋಚಿಸಿ. ಹೆಚ್ಚಿಗೆ ಪಾಟಾ ಹಾಕಿದ ಗಾಡಿ ತುಂಬಿದರೂ ಕೂರುವುದಿಲ್ಲ. ವಾಲ್ವ್ ಖಾಲಿ ಎಂದೇ ತಿಳಿಯುತ್ತದೆ. ಹೊರೆ ಹೆಚ್ಚು ಇದ್ದಾಗಲೇ ಹಿಂದಿನ ಬ್ರೇಕ್ ಕಡಿಮೆ! ಉಲ್ಟಾ, ಕಟ್ಟೆ ಇಟ್ಟು ತಗ್ಗಿಸಿದ ಗಾಡಿ ಖಾಲಿ ಇದ್ದರೂ ವಾಲ್ವ್ ತುಂಬಿದೆ ಎಂದು ತಿಳಿದು ಹಿಂದಿನ ಚಕ್ರ ಲಾಕ್ ಮಾಡುತ್ತದೆ. ಮೊದಲ ಮಳೆಯ ಡಾಂಬರಿನಲ್ಲಿ ಗಾಡಿಯ ಹಿಂಭಾಗ ಅಡ್ಡ ತಿರುಗಲು ಅಷ್ಟು ಸಾಕು. ನಮ್ಮ ಗಾಡಿಗಳ ಹಿಂದೆ ಕಟಾವಿನ ಹೆಣ್ಣುಮಕ್ಕಳು ಹತ್ತಿ ಕೂರುವುದು ಎಲ್ಲರಿಗೂ ಗೊತ್ತು. ಕೂರಿಸಲೇಬಾರದು, ಅದು ಬೇರೆ ಮಾತು. ಹಣ್ಣಿನ ಹಾನಿ ರೂಪಾಯಿಯಲ್ಲಿ ಲೆಕ್ಕ ಹಾಕಬಹುದು, ಇದನ್ನು ಹಾಕಲಾಗದು.

ಆದ್ದರಿಂದ ಪಾಟಾ ಮುಟ್ಟಿದ ಮೇಲೆ ಈ ವಾಲ್ವಿನ ಸರಳನ್ನು ಕೈಪಿಡಿಯ ಅಳತೆಗೆ ಹೊಂದಿಸಿಯೇ ಗಾಡಿ ಹೊರಗೆ ತರಬೇಕು. ಬ್ರೇಕಿನ ರಬ್ಬರ್ ಪೈಪು, ಹ್ಯಾಂಡ್‌ಬ್ರೇಕ್ ತಂತಿ ಎಲ್ಲೂ ಎಳೆಯದೆ, ಉಜ್ಜದೆ ಇವೆಯೇ ನೋಡಬೇಕು.

ಹೆಡ್‌ಲೈಟೂ ಅಷ್ಟೇ. ಹಿಂಭಾಗ ಎತ್ತರ ಇದ್ದಾಗ ಬೆಳಕು ನೆಲ ನೋಡುತ್ತದೆ, ಅದಕ್ಕೆ ಯಾರೋ ಮೇಲೆತ್ತಿ ಕೂರಿಸಿರುತ್ತಾರೆ. ಹಿಂಭಾಗ ಇಳಿದಾಗ ಅದೇ ಬೆಳಕು ಎದುರು ಬರುವವರ ಕಣ್ಣಿಗೆ. ಗೋಡೆಯ ಎದುರು ಗಾಡಿ ನಿಲ್ಲಿಸಿ ಮತ್ತೆ ಸರಿಮಾಡಿಸಿ.

ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೂಲದಲ್ಲಿ ನಮೂದಿಸಿದ ವಿವರಕ್ಕೆ ಹೊಂದದಂತೆ ಮಾಲೀಕ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಿತಿ ಮೀರಿ ಹೇರಿದ್ದಕ್ಕೆ 194ನೇ ಕಲಂನಲ್ಲಿ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ಅಪಘಾತವಾದರೆ ವಿಮೆಯವರು ಗಾಡಿ ಬದಲಿಸಿದ್ದನ್ನು ಮುಂದಿಟ್ಟು ತಕರಾರು ತೆಗೆಯಬಹುದು.

ಇಲ್ಲಿ ಒಂದು ನೆಮ್ಮದಿಯ ವಿಷಯ: ಯಾರೋ ಸೇರಿಸಿದ ಪಾಟಾ ತೆಗೆದು ಗಾಡಿಯನ್ನು ಕಂಪನಿಯ ಸ್ಥಿತಿಗೆ ತರುವುದು ಬದಲಾವಣೆ ಅಲ್ಲ, ರಿಪೇರಿ. ಕಂಪನಿಯದೇ ಪಾಟಾ ತೆಗೆಯುವುದು, ಕಟ್ಟೆ ಇಡುವುದು ಬದಲಾವಣೆ. ಈ ಗೆರೆ ದಾಟಬೇಡಿ.

ನನಗೆ ಕಂಡ ಫಲ

ಮುಂಚೆ ಬಬಲೇಶ್ವರದ ಮೇಲೆ ಹಾದು ವಿಜಯಪುರ ಮುಟ್ಟುವಷ್ಟರಲ್ಲಿ ಹಿಂದಿನ ಸಾಲಿನ ಕ್ರೇಟು ಬಗ್ಗಿಸಿದರೆ ತಳದಲ್ಲಿ ಎರಡು ಬೊಗಸೆ ಮಣಿ ಇರುತ್ತಿದ್ದವು. ಈಗ ಅರ್ಧ ಬೊಗಸೆ. ಪೂರಾ ನಿಂತಿಲ್ಲ, ನಿಲ್ಲುವುದೂ ಇಲ್ಲ. ಕಾಗದ ಒದ್ದೆಯಾಗುವುದು ಕಡಿಮೆಯಾಗಿದೆ. ಶೆಡ್ಡಿನಲ್ಲಿ ಡಿಪ್ಪಿಂಗಿಗೆ ಮುಂಚೆ ಆರಿಸಿ ಬಿಸಾಡುವ ಒಡೆದ ಮಣಿಯೂ ಕಡಿಮೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಕ್ರೇಟು ಏರಿಸುವ ಹೆಣ್ಣುಮಕ್ಕಳೇ ಹೇಳಿದರು: "ಈಗ ಎದಿಮಟ್ಟಕ್ಕ ಬರ್ತೈತ್ರೀ ಅಣ್ಣಾರ, ಭುಜ ಎತ್ತೂದು ತಪ್ಪೇತಿ." ದಿನಕ್ಕೆ ನೂರು ಸಲ ಎತ್ತುವವರಿಗೆ ಎರಡು ಇಂಚು ಸಣ್ಣದಲ್ಲ.

ನಷ್ಟ ಇಲ್ಲವೇ? ಇದೆ. ಮೊದಲು ಒಂದೇ ಖೇಪಿನಲ್ಲಿ ಹೋಗುತ್ತಿದ್ದ ಮಾಲು ಕೆಲವು ದಿನ ಎರಡು ಖೇಪು ಬೇಡುತ್ತದೆ. ಪಕ್ಕದ ತೋಟದ ಮಾವ ಕೇಳಿಯೇ ಬಿಟ್ಟರು: "ಪಾಟಾ ತಗಿಸಿದಿ, ಇನ್ ತಿಪ್ಪಿಗೊಬ್ಬರ ಹ್ಯಾಂಗ ಹೇರ್ತಿ?" ತಿಪ್ಪೆಗೊಬ್ಬರ ಟ್ರ್ಯಾಕ್ಟರಿನಲ್ಲಿ ಬರುತ್ತದೆ ಮಾವ, ಬಾಡಿಗೆ ವರ್ಷಕ್ಕೆ ಎರಡು ದಿನ. ದ್ರಾಕ್ಷಿ ಹೇರುವುದು ಎರಡು ತಿಂಗಳು. ವರ್ಷದ ಎರಡು ದಿನಕ್ಕಾಗಿ ಎರಡು ತಿಂಗಳ ಮಾಲು ಜಾಡಿಸುವುದು ಯಾವ ಲೆಕ್ಕ? ಎರಡನೆಯ ಖೇಪಿನ ಡೀಸೆಲ್ ಒಂದು ಕಡೆ, ಉದುರಿದ ಮಣಿಯ ಬೆಲೆ, ಟೈರು, ಬೇರಿಂಗು ಇನ್ನೊಂದು ಕಡೆ ಬರೆದು ನೀವೇ ನೋಡಿ. ವರ್ಷವಿಡೀ ಭಾರ ಹೇರಿ ನಡುವೆ ಮಾತ್ರ ಹಣ್ಣು ಹೇರುವವರ ಲೆಕ್ಕ ಬೇರೆ ಬರಬಹುದು. ಅಂಥವರು ಹಣ್ಣಿಗೆ ಬಾಡಿಗೆ ಗಾಡಿ ನೋಡುವುದೇ ಲೇಸು.

ಪಾಟಾ ಮುಟ್ಟದೆ ಮಾಡಬಹುದಾದ್ದು

ನಿಮ್ಮ ಗಾಡಿಯಲ್ಲಿ ಕಂಪನಿಯ ಪಾಟಾ ಮಾತ್ರ ಇದ್ದರೆ ಮಿಸ್ತ್ರಿ ಬೇಡ. ಇಷ್ಟು ಮಾಡಿ.

* ಟೈರಿನ ಗಾಳಿ: ಖಾಲಿಗೆ ಒಂದು, ತುಂಬಿದ್ದಕ್ಕೆ ಒಂದು ಅಂಕಿ ಕೈಪಿಡಿಯಲ್ಲೋ ಬಾಗಿಲ ಹತ್ತಿರದ ಪಟ್ಟಿಯಲ್ಲೋ ಇರುತ್ತದೆ. ಅರ್ಧ ಹೊರೆಗೂ ಪೂರ್ತಿ ಗಾಳಿ ಹೊಡೆಸಿದರೆ ಟೈರೇ ಕಲ್ಲಾಗುತ್ತದೆ. ಹೇಳಿದ್ದಕ್ಕಿಂತ ಕಡಿಮೆಯನ್ನೂ ಮಾಡಬೇಡಿ.
* ಕ್ರೇಟು ಜೋಡಣೆ: ಕ್ಯಾಬಿನ್ ಕಡೆಯಿಂದ ಜೋಡಿಸುತ್ತಾ ಬನ್ನಿ. ಹೊರೆ ಕಡಿಮೆ ಇದ್ದರೆ ಹಿಂದಿನ ಬಾಗಿಲ ಕಡೆ ಖಾಲಿ ಬಿಡಿ. ನಾಲ್ಕು ಎತ್ತರ ಪೇರಿಸುವ ಬದಲು ಮೂರು.
* ಹಗ್ಗ: ಸಡಿಲ ಕ್ರೇಟು ಗಾಡಿಗಿಂತ ಹೆಚ್ಚು ಕುಣಿಯುತ್ತದೆ. ಬಿಗಿದು ಕಟ್ಟಿ.
* ತುಂಬುವುದು: ಬಾಯಿ ಮೀರಿ ತುಂಬಿದರೆ ಮೇಲಿನ ಕ್ರೇಟು ಜಜ್ಜುತ್ತದೆ, ಅರೆ ತುಂಬಿದರೆ ಗೊನೆ ಹಾರುತ್ತದೆ. ಅಂಚಿಗೆ ಎರಡು ಬೆರಳು ಕೆಳಗೆ, ತಳಕ್ಕೆ ಕಾಗದ.
* ಶಾಕ್ ಅಬ್ಸಾರ್ಬರ್: ಖಾಲಿ ಗಾಡಿಯ ಹಿಂಭಾಗ ಒತ್ತಿ ಬಿಡಿ. ಒಂದು ಸಲ ಎದ್ದು ನಿಂತರೆ ಸರಿ. ಮೂರು ನಾಲ್ಕು ಸಲ ಕುಣಿದರೆ, ಎಣ್ಣೆ ಒಸರಿದ್ದರೆ ಜೋಡಿ ಬದಲಿಸಿ.
* ವೇಗ: ತೋಟದ ದಾರಿಯಲ್ಲಿ ನಡೆದಷ್ಟೇ ನಿಧಾನ. ಹಂಗಾಮಿಗೆ ಮುಂಚೆ ಆ ದಾರಿಯ ಗುಂಡಿಗೆ ನಾಲ್ಕು ಬುಟ್ಟಿ ಗರಸು ಹಾಕಿಸುವುದು ಎಲ್ಲಕ್ಕಿಂತ ಅಗ್ಗದ ಕಮಾನು.
* ಹೊತ್ತು: ಬೆಳಿಗ್ಗೆ ತಂಪಿನಲ್ಲಿ ಕೊಯ್ದು, ನೆರಳಲ್ಲಿಟ್ಟು, ಬಿಸಿಲೇರುವ ಮುಂಚೆ ಹೊರಡಿ.

ಬದಲಾವಣೆಗೆ ಮುಂಚೆ ನಿಮ್ಮದೇ ಪರೀಕ್ಷೆ ಮಾಡಿಕೊಳ್ಳಿ. ಒಂದೇ ತೂಕದ ಹತ್ತು ಕ್ರೇಟಿಗೆ ಗುರುತು ಹಾಕಿ, ಐದು ಮುಂದೆ, ಐದು ಹಿಂದೆ ಇಡಿ. ಮಾರುಕಟ್ಟೆಯಲ್ಲಿ ಗೊನೆ ಎತ್ತಿ, ತಳದಲ್ಲಿ ಉಳಿದ ಮಣಿ ತೂಗಿ ಬರೆದಿಡಿ. ಪಾಟಾ ತೆಗೆಸಿದ ಮೇಲೆ ಅದೇ ದಾರಿ, ಅದೇ ಹೊತ್ತು, ಅದೇ ಪ್ಲಾಟಿನ ಹಣ್ಣು ಹಾಕಿ ಮತ್ತೆ ತೂಗಿ. ಅಕ್ಟೋಬರ್ ಚಾಟ್ನಿ ಮುಗಿದು ಕೊಯ್ಲಿಗೆ ಮುಂಚೆ ಗಾಡಿಗೆ ಬಿಡುವು ಸಿಗುತ್ತದೆ. ಕಮಾನು ಅಂಗಡಿಗೆ ಹೋಗಲು ಅದೇ ಸರಿಯಾದ ಸಮಯ. ಹೋಗುವಾಗ ಗಾಡಿಯ ಕೈಪಿಡಿ ಜೊತೆಗಿರಲಿ, ತೆಗೆದ ಪಾಟಾಗಳನ್ನು ಗುಜರಿಗೆ ಹಾಕದೆ ಮನೆಗೆ ತನ್ನಿ. ಒಳ್ಳೆಯ ಉಕ್ಕು ಅದು. ನಮ್ಮೂರ ಕಮ್ಮಾರ ನನ್ನ ನಾಲ್ಕು ಪಾಟಾದಲ್ಲಿ ಎರಡು ಕೊಡಲಿ, ಮೂರು ಕುಡುಗೋಲು ಮಾಡಿಕೊಟ್ಟಿದ್ದಾನೆ.